ಗ್ರಾಹಕರಿಂದ ರಿವ್ಯೂ, ಟೆಸ್ಟಿಮೋನಿಯಲ್ ಪಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಟೀರಿಯರ್ ಕೆಲಸ, ಮದುವೆ ಫೋಟೋಗ್ರಫಿ, ಕೇಟರಿಂಗ್, ಗ್ರಾಫಿಕ್ ಡಿಸೈನ್, ಅನುವಾದ, ಅಕೌಂಟ್ಸ್, ಟ್ಯೂಷನ್‌ನಂಥ ಸೇವೆಗಳನ್ನು ಒಬ್ಬರೇ ಅಥವಾ ನಾಲ್ಕೈದು ಜನ ಸೇರಿ ನಡೆಸುವವರಿಗಾಗಿ ಈ ಪುಟ. ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಜನ ಇರುತ್ತಾರೆ. ನಿಮಗೆ ಇರುವುದು ಒಂದು ಫೋನ್, ಒಂದು ವಾಟ್ಸಾಪ್.

‘ಸೂಪರ್ ಸರ್’, ‘ಗುಡ್ ಸರ್ವಿಸ್’ ಅಂತ ಮೂವತ್ತು ರಿವ್ಯೂ ಇವೆ. ಆದರೂ ವಿಚಾರಿಸಿ ಫೋನ್ ಬರುವುದಿಲ್ಲ. ಯಾಕೆ?

ಓದುವವರ ಕೈಗೆ ಅದರಲ್ಲಿ ಏನೂ ಸಿಗುವುದಿಲ್ಲ. ಹೊಸ ಗ್ರಾಹಕರ ತಲೆಯಲ್ಲಿ ಓಡುತ್ತಿರುವುದು ‘ಇವರು ಒಳ್ಳೆಯವರಾ?’ ಎಂಬ ಪ್ರಶ್ನೆಯಲ್ಲ. ಅಡ್ವಾನ್ಸ್ ತಗೊಂಡು ಅರ್ಧಕ್ಕೆ ಬಿಟ್ಟು ಹೋಗ್ತಾರಾ, ಹೇಳಿದ ಪ್ಲೈವುಡ್ಡೇ ಹಾಕ್ತಾರಾ, ಆಲ್ಬಮ್ ಕೊಡೋಕೆ ಎಂಟು ತಿಂಗಳು ಸತಾಯಿಸ್ತಾರಾ, ಬಡಿಸೋ ಹುಡುಗರು ಕಡೇ ಪಂಕ್ತಿವರೆಗೂ ಇರ್ತಾರಾ: ಇಂಥವು. ಆ ಭಯಕ್ಕೆ ನೇರವಾಗಿ ಉತ್ತರ ಕೊಡುವ ಒಂದು ರಿವ್ಯೂ, ಮೂವತ್ತು ‘ಸೂಪರ್’ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗ್ರಾಹಕರಿಗೆ ಬರೆಯಲು ಬರುವುದಿಲ್ಲ ಎಂದು ದೂರುವವರು ಬಹಳ. ಆದರೆ ‘ಒಂದು ರಿವ್ಯೂ ಹಾಕಿ ಸರ್’ ಎಂದು ಕೇಳಿದರೆ ‘ಸೂಪರ್’ ಅಲ್ಲದೆ ಇನ್ನೇನು ಬಂದೀತು? ಯಾವಾಗ ಕೇಳಿದಿರಿ, ಏನು ಕೇಳಿದಿರಿ ಎನ್ನುವುದರಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ.

ಕೇಳಲು ಸರಿಯಾದ ಸಮಯ ಯಾವುದು?

ಕೆಲಸ ಮುಗಿದ ದಿನ ಅಲ್ಲ. ಕೆಲಸದ ಫಲ ಗ್ರಾಹಕರ ಅನುಭವಕ್ಕೆ ಬಂದ ದಿನ. ಇದು ವೃತ್ತಿಯಿಂದ ವೃತ್ತಿಗೆ ಬೇರೆ.

ಮಾಡ್ಯುಲರ್ ಕಿಚನ್ ಹ್ಯಾಂಡೋವರ್ ದಿನ ಮನೆಯವರು ಧೂಳು ಒರೆಸುವುದರಲ್ಲಿ ಇರುತ್ತಾರೆ, ಗೃಹಪ್ರವೇಶದ ದಿನ ಹೋಮದ ಹೊಗೆಯಲ್ಲಿ. ಮೂರು ವಾರ ಬಿಡಿ. ಅಷ್ಟರಲ್ಲಿ ಡ್ರಾಯರ್ ಚಾನೆಲ್ ಎಷ್ಟು ಭಾರ ತಡೆಯುತ್ತದೆ, ಕುಕ್ಕರ್ ಎಲ್ಲಿ ಕೂರುತ್ತದೆ, ಬಾಗಿದಾಗ ಸೊಂಟ ನೋಯುತ್ತದೋ ಇಲ್ಲವೋ ಎಲ್ಲ ಗೊತ್ತಾಗಿರುತ್ತದೆ. ಮದುವೆ ಫೋಟೋದವರಿಗೆ ಎರಡು ಅವಕಾಶ: ಮದುವೆಯಾದ ಎರಡು ಮೂರು ದಿನದೊಳಗೆ ಹತ್ತು ಹದಿನೈದು ಪ್ರಿವ್ಯೂ ಫೋಟೋ ಕಳಿಸಿದಾಗ, ಮತ್ತೆ ಆಲ್ಬಮ್ ಮನೆ ತಲುಪಿದ ಸಂಜೆ. ಮದುಮಕ್ಕಳನ್ನೇ ಕೇಳಬೇಕೆಂದಿಲ್ಲ. ನಿಮ್ಮ ಜೊತೆ ಫೋನಿನಲ್ಲಿ ಓಡಾಡಿದ ಅಣ್ಣನೋ ಚಿಕ್ಕಪ್ಪನೋ ಹೆಚ್ಚು ವಿವರವಾಗಿ ಹೇಳುತ್ತಾರೆ. ರಿಟರ್ನ್ ಫೈಲ್ ಮಾಡಿಕೊಡುವವರಿಗೆ ರಿಫಂಡ್ ಖಾತೆಗೆ ಬಿದ್ದ ದಿನ. ಕೇಟರಿಂಗ್‌ನವರು ಸಮಾರಂಭದ ಮೂರನೇ ದಿನ ಕೇಳಬಹುದು, ಆದರೆ ಬಾಕಿ ಹಣ ಕೇಳುವ ಮಾತಿನ ಜೊತೆ ಇದನ್ನು ಸೇರಿಸಬೇಡಿ. ಹಣದ ಮಾತು ಬಂದಲ್ಲಿ ಪ್ರೀತಿಯ ಮಾತು ನಿಲ್ಲುವುದಿಲ್ಲ.

ಆರು ತಿಂಗಳು ಕಳೆದರೆ ವಿವರ ಮಾಸಿಹೋಗಿ ಮತ್ತೆ ‘ಗುಡ್ ಸರ್ವಿಸ್’ಗೇ ಬಂದು ನಿಲ್ಲುತ್ತದೆ.

ಸಂಕೋಚ ಆಗುತ್ತದೆ. ಮೆಸೇಜ್ ಹೇಗೆ ಬರೆಯಲಿ?

ಎರಡು ಮೆಸೇಜ್ ಮಾಡಿ. ಮೊದಲನೆಯದರಲ್ಲಿ ರಿವ್ಯೂ ಸುದ್ದಿಯೇ ಬೇಡ:

‘ನಮಸ್ಕಾರ ಮೇಡಂ. ಅಡುಗೆಮನೆ ಕೆಲಸ ಮುಗಿದು ಮೂರು ವಾರ ಆಯ್ತು. ಡ್ರಾಯರ್, ಟಾಲ್ ಯೂನಿಟ್ ಎಲ್ಲ ಸಲೀಸಾಗಿ ಓಡ್ತಿದ್ಯಾ? ಎಲ್ಲಾದ್ರೂ ಬಾಗಿಲು ತಾಗ್ತಿದ್ರೆ ಹೇಳಿ, ಶನಿವಾರ ಹುಡುಗನ್ನ ಕಳಿಸ್ತೀನಿ.’

ಉತ್ತರ ಬಂದು, ಏನಾದರೂ ಇದ್ದರೆ ಸರಿಮಾಡಿಕೊಟ್ಟ ಮೇಲೆ ಎರಡನೆಯದು:

‘ಒಂದು ಸಣ್ಣ ಸಹಾಯ ಆಗಬೇಕಿತ್ತು. ಮನೆ ಕೆಲಸಕ್ಕೆ ಜನ ಹುಡುಕೋರು ನಿಮ್ಮ ಅನುಭವ ಓದಿದ್ರೆ ಅವರಿಗೆ ಅನುಕೂಲ. ಕೆಳಗೆ ಮೂರು ಪ್ರಶ್ನೆ ಇದೆ, ನಾಲ್ಕು ಸಾಲು ಸಾಕು. ಟೈಪ್ ಮಾಡೋದು ಕಷ್ಟ ಅನ್ಸಿದ್ರೆ ವಾಯ್ಸ್ ನೋಟ್ ಕಳ್ಸಿ. ಆಗಲ್ಲ ಅಂದ್ರೂ ಪರವಾಗಿಲ್ಲ.’

ಕಡೆಯ ವಾಕ್ಯ ಬಿಡಬೇಡಿ. ಒತ್ತಾಯದಿಂದ ಬಂದ ಮಾತಿನ ರುಚಿಯೇ ಬೇರೆ, ಓದುವವರಿಗೆ ಅದು ಗೊತ್ತಾಗುತ್ತದೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ನಿಲ್ಲಿಸಿ.

ಇಲ್ಲೊಂದು ಎಚ್ಚರ. ಮೊದಲ ಮೆಸೇಜಿಗೆ ‘ಚೆನ್ನಾಗಿದೆ’ ಅಂದವರಿಗೆ ಮಾತ್ರ ಗೂಗಲ್‌ನಲ್ಲಿ ರಿವ್ಯೂ ಹಾಕುವ ಲಿಂಕ್ ಕಳಿಸಿ, ದೂರು ಹೇಳಿದವರನ್ನು ಜಾಣತನದಿಂದ ಬದಿಗೆ ಸರಿಸುವ ಅಭ್ಯಾಸ ಹಲವರಿಗೆ ಇದೆ. ಹೊಗಳುವವರನ್ನಷ್ಟೇ ಆರಿಸಿ ರಿವ್ಯೂ ಕೇಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ದೂರು ಹೇಳಿದವರ ಕೆಲಸವನ್ನೂ ಸರಿಮಾಡಿ ಅವರಿಗೂ ಲಿಂಕ್ ಕಳಿಸಿ. ‘ಹಿಂಜ್ ಕಂಪ್ಲೇಂಟ್ ಇತ್ತು, ಎರಡೇ ದಿನದಲ್ಲಿ ಬಂದು ಬದಲಾಯಿಸಿದರು’ ಎಂಬ ಸಾಲು ಬರುವುದು ಅಂಥವರಿಂದಲೇ.

ಆ ಮೂರು ಪ್ರಶ್ನೆ ಯಾವುವು?

ನಮ್ಮನ್ನು ಕರೆಯುವ ಮೊದಲು ನಿಮಗೆ ಇದ್ದ ಅಳುಕು ಏನು? ಕೆಲಸ ನಡೆಯುವಾಗ ಗಮನಕ್ಕೆ ಬಂದ ಒಂದು ವಿಷಯ ಯಾವುದು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ? ಈಗ ದಿನನಿತ್ಯದಲ್ಲಿ ಏನು ಬದಲಾಗಿದೆ?

ಮೊದಲನೆಯದೇ ಮುಖ್ಯ. ಹಿಂದಿನ ಗ್ರಾಹಕರ ಅಳುಕು ಮುಂದಿನ ಗ್ರಾಹಕರ ಅಳುಕೂ ಆಗಿರುತ್ತದೆ. ‘ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ?’ ಎಂದು ಕೇಳಬೇಡಿ. ಒಂಬತ್ತು ಎಂಬ ಉತ್ತರ ಇಟ್ಟುಕೊಂಡು ಏನೂ ಮಾಡಲಾಗುವುದಿಲ್ಲ.

ವಾಯ್ಸ್ ನೋಟ್ ಬಂತು. ಅದನ್ನು ಬರಹಕ್ಕೆ ಇಳಿಸುವಾಗ ಎಷ್ಟು ತಿದ್ದಬಹುದು?

ಮಾದರಿಗೆ ಒಂದು ನೋಡೋಣ. ಬಂದದ್ದು ಹೀಗೆ:

‘ಹಾಂ... ಏನಿಲ್ಲ, ಮೊದ್ಲು ನಮ್ಗೆ ಭಯಾನೇ ಇತ್ತು. ದುಡ್ಡು ಇಸ್ಕೊಂಡು ಮಧ್ಯ ಬಿಟ್ಟೋಗ್ತಾರೆ ಅಂತ. ನಮ್ಮ ನಾದಿನಿ ಮನೇಲಿ ಹಂಗೇ ಆಗಿತ್ತು, ಅದೊಂದು ದೊಡ್ಡ ಕತೆ ಬಿಡಿ... ಇವ್ರು ಹದಿನೈದು ದಿನ ಅಂದ್ರು, ಹದಿನೆಂಟ್ ದಿನ ಆಯ್ತು. ಆದ್ರೆ ದಿನಾ ಸಂಜೆ ಫೋಟೋ ಹಾಕ್ತಿದ್ರು, ಅದಕ್ಕೇ ಟೆನ್ಷನ್ ಆಗ್ಲಿಲ್ಲ. ಮಿಕ್ಸಿ ಈಗ ಎತ್ತಿಳಿಸೋ ಹಂಗಿಲ್ಲ, ಅಲ್ಲೇ ಪ್ಲಗ್ ಕೊಟ್ಟಿದಾರೆ.’

ಹಾಕಬೇಕಾದ್ದು ಹೀಗೆ:

‘ದುಡ್ಡು ಇಸ್ಕೊಂಡು ಮಧ್ಯೆ ಬಿಟ್ಟು ಹೋಗ್ತಾರೆ ಅಂತ ಮೊದಲು ಭಯ ಇತ್ತು. ಹದಿನೈದು ದಿನ ಅಂದಿದ್ದು ಹದಿನೆಂಟು ದಿನ ಆಯ್ತು. ಆದ್ರೆ ದಿನಾ ಸಂಜೆ ಫೋಟೋ ಹಾಕ್ತಿದ್ರು, ಅದಕ್ಕೇ ಟೆನ್ಷನ್ ಆಗಲಿಲ್ಲ. ಮಿಕ್ಸಿ ಈಗ ಎತ್ತಿಳಿಸೋ ಹಾಗಿಲ್ಲ, ಅಲ್ಲೇ ಪ್ಲಗ್ ಕೊಟ್ಟಿದ್ದಾರೆ.’

ತೆಗೆದದ್ದು ‘ಹಾಂ’, ‘ಏನಿಲ್ಲ’ಗಳು ಮತ್ತು ನಾದಿನಿ. ನಾದಿನಿಯ ವಿಷಯ ಇಂಟರ್ನೆಟ್ಟಿಗೆ ಬಂದರೆ ಆ ಮನೆಯಲ್ಲಿ ಜಗಳ ಶುರುವಾದೀತು. ಮೂರು ದಿನ ತಡವಾದದ್ದನ್ನು ಮಾತ್ರ ಹಾಗೇ ಬಿಟ್ಟಿದ್ದೇವೆ. ಕೈ ತುರಿಸುತ್ತದೆ, ಆದರೂ ತೆಗೆಯಬೇಡಿ. ಉಳಿದ ಮಾತನ್ನು ಓದುಗರು ನಂಬುವುದು ಅದರಿಂದಲೇ. ಆಡುಮಾತನ್ನು ಗ್ರಂಥದ ಕನ್ನಡಕ್ಕೆ ತಿರುಗಿಸುವುದೂ ಬೇಡ. ‘ಅತ್ಯುತ್ತಮ ಸೇವೆಯನ್ನು ಒದಗಿಸಿರುತ್ತಾರೆ’ ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಧಾರವಾಡದವರು ‘ಭಾಳ ಛಲೋ ಮಾಡ್ಯಾರ್ರಿ’ ಅಂದರೆ ಅದೇ ಇರಲಿ.

ತಿದ್ದಿದ ರೂಪವನ್ನು ಅವರಿಗೇ ಕಳಿಸಿ ‘ಹೀಗೆ ಹಾಕಬಹುದಾ?’ ಎಂದು ಕೇಳಿ, ‘ಹೂಂ’ ಬಂದ ಮೇಲಷ್ಟೇ ಹಾಕಿ. ಇಂಗ್ಲಿಷಿಗೆ ಅನುವಾದಿಸಿದರೆ ಕನ್ನಡದಿಂದ ಅನುವಾದಿಸಿದ್ದು ಎಂದು ಕೆಳಗೆ ಬರೆಯಿರಿ.

ನಾವೇ ಬರೆದುಕೊಟ್ಟು ಅವರಿಂದ ಹಾಕಿಸಿದರೆ?

ಬೇಡ. ಒಬ್ಬರೇ ಬರೆದ ಹತ್ತು ರಿವ್ಯೂಗಳನ್ನು ಸಾಲಾಗಿ ಓದಿದರೆ ಮೂರನೆಯದರಲ್ಲೇ ಗುಟ್ಟು ರಟ್ಟಾಗುತ್ತದೆ: ಎಲ್ಲರೂ ‘ಸಮಯಪ್ರಜ್ಞೆ’ಯನ್ನೇ ಹೊಗಳಿರುತ್ತಾರೆ.

ಗೂಗಲ್ ರಿವ್ಯೂ ಲಿಂಕ್ ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ಕಾಣುವ ನಿಮ್ಮ ವ್ಯವಹಾರದ ಪುಟ) ವೆರಿಫೈ ಆಗಿರಬೇಕು. ಅದೇ ಖಾತೆಯಲ್ಲಿ ಲಾಗಿನ್ ಆಗಿ ಗೂಗಲ್‌ನಲ್ಲಿ ನಿಮ್ಮ ವ್ಯವಹಾರದ ಹೆಸರು ಹುಡುಕಿದರೆ ಪ್ರೊಫೈಲ್ ನಿಭಾಯಿಸುವ ಬಟನ್‌ಗಳು ಬರುತ್ತವೆ. ಅಲ್ಲಿ ರಿವ್ಯೂ ಕೇಳುವ ಆಯ್ಕೆ ಒತ್ತಿದರೆ ಲಿಂಕ್ ಸಿಗುತ್ತದೆ, ಕ್ಯೂಆರ್ ಕೋಡ್ ಕೂಡ. ವಾಟ್ಸಾಪಿಗೆ ಲಿಂಕ್, ಬಿಲ್ಲಿನ ಕೆಳಗೋ ಆಲ್ಬಮ್ ಪೆಟ್ಟಿಗೆಯ ಒಳಗೋ ಕ್ಯೂಆರ್. ಕಳಿಸುವ ಮೊದಲು ಬೇರೆ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಸ್ಟಾರ್ ಒತ್ತುವ ಪೆಟ್ಟಿಗೆ ನೇರವಾಗಿ ಬರಬೇಕು. ಬರೇ ಮ್ಯಾಪ್ ತೆರೆದುಕೊಂಡರೆ ನೀವು ಕಾಪಿ ಮಾಡಿರುವುದು ಬೇರೆ ಲಿಂಕ್.

ಗ್ರಾಹಕರು ಕನ್ನಡದಲ್ಲೇ ಬರೆಯಬಹುದು. ಬೇರೆ ಭಾಷೆಯವರಿಗೆ ಗೂಗಲ್ ಅನುವಾದ ತೋರಿಸುತ್ತದೆ. ಕನ್ನಡ ಕೀಲಿಮಣೆ ಅಭ್ಯಾಸವಿಲ್ಲದವರಿಗೆ ಜಿಬೋರ್ಡ್‌ (ಗೂಗಲ್‌ನ ಕೀಲಿಮಣೆ ಆ್ಯಪ್) ಮೈಕ್ ಒತ್ತಿ ಮಾತಾಡುವುದನ್ನು ತೋರಿಸಿಕೊಡಿ.

ಗ್ರಾಹಕರು ‘ಹಾಕಿದೆ’ ಅಂತಾರೆ, ನಮಗೆ ಕಾಣಿಸುತ್ತಿಲ್ಲ.

ಕಾರಣ ಹಲವು. ಸ್ಟಾರ್ ಒತ್ತಿ, ಬರೆದು, ಪೋಸ್ಟ್ ಒತ್ತದೆಯೇ ಹಿಂದೆ ಬಂದಿರುವುದು ಎಲ್ಲಕ್ಕಿಂತ ಸಾಮಾನ್ಯ. ಬರೆದದ್ದರಲ್ಲಿ ಫೋನ್ ನಂಬರ್ ಅಥವಾ ಲಿಂಕ್ ಇದ್ದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗೂಗಲ್‌ನ ಪರಿಶೀಲನೆಗೆ ಕೆಲವೊಮ್ಮೆ ಕೆಲವು ದಿನ ಹಿಡಿಯುತ್ತದೆ. ಒಂದೇ ವಾರಾಂತ್ಯದಲ್ಲಿ ಇಪ್ಪತ್ತು ರಿವ್ಯೂ ತರಿಸಿದರೆ, ಅದರಲ್ಲೂ ಅಂಗಡಿಯ ಒಂದೇ ಫೋನಿನಲ್ಲಿ ಖಾತೆ ಬದಲಿಸಿ ಹಾಕಿಸಿದರೆ, ನಿಜವಾದವೂ ನಕಲಿಯ ಲೆಕ್ಕಕ್ಕೆ ಸೇರಿ ಅಳಿಸಿಹೋಗಬಹುದು. ತಿಂಗಳಿಗೆ ಎರಡೋ ಮೂರೋ ಬರುವುದು ವಾಸಿ. ಹೊಸಬರೂ ಮೊದಲು ನೋಡುವುದು ಇತ್ತೀಚಿನ ತಾರೀಕನ್ನೇ.

ರಿವ್ಯೂ ಹಾಕಿದವರಿಗೆ ರಿಯಾಯಿತಿ ಕೊಡಬಹುದೇ? ಕಡಿಮೆ ದುಡ್ಡಿಗೆ ರಿವ್ಯೂ ಮಾರುವವರೂ ಇದ್ದಾರಲ್ಲ?

ಎರಡೂ ಕೂಡದು. ರಿಯಾಯಿತಿ, ಉಡುಗೊರೆ, ಉಚಿತ ಸೇವೆಗೆ ಬದಲಾಗಿ ಬಂದ ರಿವ್ಯೂವನ್ನು ಗೂಗಲ್ ನಕಲಿ ಎಂದೇ ಪರಿಗಣಿಸುತ್ತದೆ. ಐದು ಸ್ಟಾರ್ ಕೊಡಿ ಎಂದು ಹೇಳದಿದ್ದರೂ ಅಷ್ಟೇ. ಕೊಂಡುಕೊಂಡ ರಿವ್ಯೂಗಳ ಹಣೆಬರಹ ಇನ್ನೂ ಸ್ಪಷ್ಟ: ಹುಬ್ಬಳ್ಳಿಯ ಕೇಟರಿಂಗ್‌ಗೆ ಐದು ಸ್ಟಾರ್ ಕೊಟ್ಟ ಖಾತೆಯನ್ನು ಒತ್ತಿ ನೋಡಿದರೆ ಅದೇ ವಾರ ಜೈಪುರದ ದಂತವೈದ್ಯರಿಗೂ ಸೂರತ್‌ನ ಜಿಮ್‌ಗೂ ಕೊಟ್ಟಿರುತ್ತದೆ.

ಕಾನೂನಿನ ಕಡೆಯಿಂದ: ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ಆನ್‌ಲೈನ್ ರಿವ್ಯೂಗಳಿಗಾಗಿಯೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ. ಅದು ಕಡ್ಡಾಯವಾಗಿ ಬಂದದ್ದಲ್ಲ, ಆದರೆ ರಿವ್ಯೂ ಬರೆದವರು ಯಾರು ಎಂದು ಖಾತ್ರಿಪಡಿಸಿಕೊಳ್ಳಬೇಕು ಎಂಬ ಅದರ ತಿರುಳು ನಿಮಗೂ ಹೊಂದುತ್ತದೆ. ಅಂದಹಾಗೆ, ತಮ್ಮನಿಂದಲೋ ಕೆಲಸದ ಹುಡುಗರಿಂದಲೋ ಹಾಕಿಸುವುದೂ ನಿಯಮಬಾಹಿರ.

ಹೆಸರು, ಫೋಟೋ ಹಾಕಲು ಅನುಮತಿ ಬೇಕೇ? ವಾಟ್ಸಾಪ್ ಸ್ಕ್ರೀನ್‌ಶಾಟ್ ಹಾಕಿದರೆ ಸಾಲದೇ?

ಬೇಕು. ನಿಮಗೆ ಖಾಸಗಿಯಾಗಿ ಕಳಿಸಿದ ಮೆಸೇಜ್ ಊರಿಗೆಲ್ಲ ತೋರಿಸಲು ಕಳಿಸಿದ್ದಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಹೇಳುವುದೂ ಇದನ್ನೇ: ಒಪ್ಪಿಗೆ ಸ್ವಂತ ಇಚ್ಛೆಯದಾಗಿರಬೇಕು, ಯಾವುದಕ್ಕೆ ಎಂಬುದು ನಿರ್ದಿಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಹದಿನೆಂಟು ತುಂಬದವರದ್ದಾದರೆ ತಂದೆತಾಯಿಯ ಒಪ್ಪಿಗೆ. ಟ್ಯೂಷನ್‌ನವರು ರಿಸಲ್ಟ್ ದಿನ ಮಕ್ಕಳ ಫೋಟೋ, ಅಂಕಪಟ್ಟಿ ಹಾಕುವ ಮೊದಲು ಇದನ್ನು ನೆನಪಿಡಬೇಕು.

ಒಂದು ಮೆಸೇಜ್ ಸಾಕು: ‘ನಿಮ್ಮ ಮಾತನ್ನು ನಮ್ಮ ವೆಬ್‌ಸೈಟ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಹೆಸರು, ಬಡಾವಣೆ ಸಮೇತ ಹಾಕಬಹುದಾ? ಫೋಟೋ ಹಾಕಬಹುದಾ? ಮುಂದೆ ಯಾವಾಗ ಬೇಡ ಅಂದ್ರೂ ತೆಗೀತೀವಿ.’ ಬಂದ ಉತ್ತರವನ್ನು ಒಂದು ಶೀಟ್‌ನಲ್ಲಿ ತಾರೀಕಿನ ಜೊತೆ ಬರೆದಿಡಿ: ಹೆಸರು, ಯಾವ ಕೆಲಸ, ಏನೇನಕ್ಕೆ ಒಪ್ಪಿಗೆ, ಎಲ್ಲೆಲ್ಲಿ ಹಾಕಿದೆ. ಮೂರು ವರ್ಷದ ನಂತರ ‘ತೆಗೀರಿ’ ಎಂದು ಫೋನ್ ಬಂದಾಗ ನಾಲ್ಕನೇ ಕಾಲಂ ನಿಮ್ಮನ್ನು ಉಳಿಸುತ್ತದೆ.

ಸ್ಕ್ರೀನ್‌ಶಾಟ್ ಹಾಕುವುದಾದರೆ ನಂಬರ್, ಡಿಪಿ, ಮೇಲೆ ಕಾಣುವ ಬೇರೆ ಮಾತುಗಳನ್ನು ಕತ್ತರಿಸಿ. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಚಿತ್ರದೊಳಗಿನ ಅಕ್ಷರ ಸಾಮಾನ್ಯವಾಗಿ ಸಿಗುವುದಿಲ್ಲ. ಕೆಳಗೆ ಅದನ್ನೇ ಟೈಪ್ ಮಾಡಿ.

ಕೆಲಸ ಮೆಚ್ಚಿದ್ದಾರೆ, ಆದರೆ ಬರೆಯಲು ಒಪ್ಪುತ್ತಿಲ್ಲ.

ಸೋಮಾರಿತನ ಅಂದುಕೊಳ್ಳಬೇಡಿ. ಮನೆಗೆ ಇಷ್ಟು ಖರ್ಚು ಮಾಡಿದ್ದಾರೆ ಎಂದು ನೆಂಟರಿಗೆ ಗೊತ್ತಾಗುವುದು ಬೇಡ, ದೃಷ್ಟಿ ತಾಗೀತು ಎಂಬ ಅಳುಕು ನಮ್ಮಲ್ಲಿ ಬಹಳ ಮನೆಗಳಲ್ಲಿ ಇದೆ. ಹೆಸರಿನ ಬದಲು ‘ಗೃಹಿಣಿ, ವಿಜಯನಗರ’ ಎಂದು ಹಾಕುತ್ತೇವೆ, ಹಾಲ್ ಬಿಟ್ಟು ಅಡುಗೆಮನೆಯ ಒಂದು ಮೂಲೆಯ ಫೋಟೋ ಮಾತ್ರ ತೋರಿಸುತ್ತೇವೆ ಅಂದರೆ ಹಲವರು ಒಪ್ಪುತ್ತಾರೆ. ಕಂಪನಿಗಳಿಗೆ ಕೆಲಸ ಮಾಡುವ ಡಿಸೈನರ್, ಪ್ರೋಗ್ರಾಮರ್‌ಗಳಿಗೆ ಗೌಪ್ಯತಾ ಒಪ್ಪಂದ ಅಡ್ಡ ಬರುತ್ತದೆ. ಅಲ್ಲಿ ‘ಆಪರೇಷನ್ಸ್ ಮ್ಯಾನೇಜರ್, ಬೆಂಗಳೂರಿನ ಒಂದು ಲಾಜಿಸ್ಟಿಕ್ಸ್ ಕಂಪನಿ’ ಎನ್ನುವ ರೂಪಕ್ಕೂ ಮೊದಲೇ ಅನುಮತಿ ಪಡೆಯಿರಿ.

ಹೆಸರಿಲ್ಲದ ಮಾತಿಗೆ ತೂಕ ಕಡಿಮೆ. ಹತ್ತರಲ್ಲಿ ಎರಡು ಮೂರು ಹಾಗಿದ್ದರೆ ಅಡ್ಡಿಯಿಲ್ಲ, ಹತ್ತೂ ಹಾಗಿದ್ದರೆ ಯಾರೂ ನಂಬುವುದಿಲ್ಲ.

ವಕೀಲರು, ಸಿಎಗಳು, ವೈದ್ಯರು ಹೀಗೆ ಮಾಡಬಹುದೇ?

ಈ ಪುಟದ ಸಲಹೆ ಅವರಿಗೆ ಅಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36 ವಕೀಲರು ಕೆಲಸಕ್ಕಾಗಿ ಜಾಹೀರಾತು ಕೊಡುವುದನ್ನು ತಡೆಯುತ್ತದೆ. 2008ರ ತಿದ್ದುಪಡಿಯ ನಂತರ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಯಾವ ಕ್ಷೇತ್ರ ಎಂಬಷ್ಟು ಹಾಕಬಹುದು. ಕಕ್ಷಿದಾರರ ಹೊಗಳಿಕೆ ಅದರಲ್ಲಿ ಬರುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ, 1949ರ ಮೊದಲ ಅನುಸೂಚಿ ಕೂಡ ಕೆಲಸ ಯಾಚಿಸುವುದನ್ನೂ ಜಾಹೀರಾತನ್ನೂ ನಿರ್ಬಂಧಿಸುತ್ತದೆ. ವೈದ್ಯರಿಗೆ 2002ರ ವೃತ್ತಿ ನಡವಳಿಕೆ ನಿಯಮಗಳಿವೆ. ರೋಗಿಗಳನ್ನು ನೇರವಾಗಿಯೋ ಪರೋಕ್ಷವಾಗಿಯೋ ಸೆಳೆಯಲು ಪ್ರಚಾರ ಮಾಡುವುದು ಅವುಗಳ ಪ್ರಕಾರ ತಪ್ಪು. ‘ಬೇರೆಯವರೆಲ್ಲ ಹಾಕಿದ್ದಾರಲ್ಲ’ ಎಂಬುದು ಶಿಸ್ತು ಸಮಿತಿಯ ಮುಂದೆ ಉತ್ತರ ಆಗುವುದಿಲ್ಲ. ನಿಮ್ಮ ಮಂಡಳಿಯ ಈಗಿನ ನಿಯಮ ಓದಿಕೊಳ್ಳಿ.

ಲಿಂಕ್ಡ್‌ಇನ್ ರೆಕಮಂಡೇಶನ್ ಬೇರೆಯೇ?

ಹೌದು, ಕಂಪನಿಗಳ ಕೆಲಸ ಹಿಡಿಯುವವರಿಗೆ ಗೂಗಲ್‌ಗಿಂತ ಅದೇ ಉಪಯೋಗ. ನೇರ ಕನೆಕ್ಷನ್ ಇರುವವರಿಂದ ಮಾತ್ರ ಕೇಳಬಹುದು. ಬಂದದ್ದನ್ನು ನೀವು ತಿದ್ದಲಾರಿರಿ, ಬದಲಾಯಿಸಿ ಎಂದು ವಿನಂತಿಸಬಹುದು, ಪ್ರೊಫೈಲಿನಲ್ಲಿ ತೋರಿಸದೆ ಇಡಬಹುದು. ಕೇಳುವಾಗ ತನ್ನಿಂದತಾನೇ ಬರುವ ಸಾಲನ್ನು ಹಾಗೇ ಕಳಿಸಬೇಡಿ. ಯಾವ ಪ್ರಾಜೆಕ್ಟ್, ಯಾವ ವರ್ಷ, ಯಾವ ತೊಡಕು ಬಿಡಿಸಿದಿರಿ ಎಂದು ಎರಡು ಸಾಲಿನಲ್ಲಿ ನೆನಪಿಸಿ. ಎದುರಿನವರು ದಿನಕ್ಕೆ ನೂರು ಮೇಲ್ ನೋಡುವವರು.

ಒಂದು ಸ್ಟಾರ್ ಬಿತ್ತು. ಅಳಿಸುವುದು ಹೇಗೆ?

ಬಹುಪಾಲು ಅಳಿಸಲಾಗುವುದಿಲ್ಲ. ಬೈಗುಳ, ಬೇರೆ ಅಂಗಡಿಯ ವಿಷಯ, ಪೈಪೋಟಿಯವರು ಹಾಕಿದ್ದು ಹೀಗೆ ನಿಯಮ ಮುರಿದಿದ್ದರೆ ಗೂಗಲ್‌ಗೆ ರಿಪೋರ್ಟ್ ಮಾಡಿ. ‘ನಮಗೆ ಇಷ್ಟವಾಗಲಿಲ್ಲ’ ಎಂಬುದು ಕಾರಣವಲ್ಲ.

ಲೆಕ್ಕ ನೋಡಿ: ಐದು ಜನ ಐದೈದು ಸ್ಟಾರ್ ಕೊಟ್ಟಿದ್ದು ಒಬ್ಬರು ಒಂದು ಕೊಟ್ಟರೆ ಸರಾಸರಿ 4.3ಕ್ಕೆ ಇಳಿಯುತ್ತದೆ. ನಲವತ್ತು ಜನ ಕೊಟ್ಟಿದ್ದಾಗ ಅದೇ ಒಂದು ಬಿದ್ದರೆ 4.9. ಹೆದರಿಕೆಗೆ ಮದ್ದು ಅಳಿಸುವುದರಲ್ಲಿಲ್ಲ, ಮೊದಲೇ ಕೇಳಿಟ್ಟುಕೊಳ್ಳುವುದರಲ್ಲಿ ಇದೆ.

ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಬರೆಯಿರಿ, ಆದರೆ ಮೂರು ದಿನ ಮೀರಬೇಡಿ. ‘ಆಲ್ಬಮ್ ಐದು ವಾರ ತಡವಾಗಿದ್ದು ನಿಜ ಸರ್. ಪ್ರಿಂಟಿಂಗ್‌ನಲ್ಲಿ ಬಣ್ಣ ತಪ್ಪಿ ಮತ್ತೆ ಹಾಕಿಸಬೇಕಾಯ್ತು, ಅದನ್ನು ನಿಮಗೆ ಆಗಲೇ ಹೇಳಬೇಕಿತ್ತು. ನಿನ್ನೆ ಫೋನ್ ಮಾಡಿದ್ದೆ, ಬಿಡುವಾದಾಗ ಮಾತಾಡೋಣ.’ ಇಷ್ಟೇ. ಬಾಕಿ ಹಣ, ಮನೆಯ ಜಗಳ, ಅವರು ಎಷ್ಟು ಸಲ ಡಿಸೈನ್ ಬದಲಿಸಿದರು ಎಂಬುದು ಅಲ್ಲಿ ಬೇಡ. ಆ ಉತ್ತರವನ್ನು ಓದುವವರು ಬೈದ ಗ್ರಾಹಕರಲ್ಲ, ನಾಳೆ ಬರಬೇಕಾದವರು.

ವೆಬ್‌ಸೈಟಿನಲ್ಲಿ ಎಲ್ಲಿ ಹಾಕಬೇಕು?

‘ಟೆಸ್ಟಿಮೋನಿಯಲ್ಸ್’ ಎಂಬ ಪ್ರತ್ಯೇಕ ಪುಟಕ್ಕೆ ಹೋಗಿ ಓದುವವರು ಕಡಿಮೆ. ಅನುಮಾನ ಹುಟ್ಟುವ ಜಾಗದ ಪಕ್ಕದಲ್ಲೇ ಇಡಿ: ದರದ ಪಕ್ಕ ದುಡ್ಡಿನ ಬಗ್ಗೆ ಹೇಳಿದ ಮಾತು, ಫೋನ್ ನಂಬರಿನ ಪಕ್ಕ ‘ಕರೆದ ದಿನವೇ ಬಂದು ಅಳತೆ ತಗೊಂಡ್ರು’ ಎಂಬಂಥದ್ದು. ತಾನಾಗೇ ಜಾರುವ ಸ್ಲೈಡರ್ ಬೇಡ. ಓದಿ ಮುಗಿಸುವ ಮೊದಲೇ ಮಾತು ಓಡಿಹೋಗಿರುತ್ತದೆ. ಇನ್ನೊಂದು: ಸ್ವಂತ ಸೈಟಿನ ರಿವ್ಯೂಗಳಿಗೆ ಕೋಡ್ ಸೇರಿಸಿದರೆ ಗೂಗಲ್ ಹುಡುಕಾಟದಲ್ಲಿ ಸ್ಟಾರ್ ಬರುತ್ತದೆ ಎಂದು ದುಡ್ಡು ಕೇಳುವವರಿದ್ದಾರೆ. ತಮ್ಮ ಬಗ್ಗೆ ತಾವೇ ಹಾಕಿಕೊಂಡ ಇಂಥ ಸ್ಟಾರ್‌ಗಳನ್ನು ಸ್ಥಳೀಯ ವ್ಯವಹಾರಗಳಿಗೆ ಗೂಗಲ್ 2019ರಿಂದಲೇ ತೋರಿಸುತ್ತಿಲ್ಲ.

ವಿಡಿಯೊ ಮಾಡಿಸುವುದಾದರೆ?

ಒಂದು ನಿಮಿಷದೊಳಗೆ. ಕಿಟಕಿ ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಫ್ಯಾನ್ ನಿಲ್ಲಿಸಿ, ಫೋನ್ ಎರಡು ಮೂರು ಅಡಿ ದೂರದಲ್ಲಿ ಇರಲಿ. ಇನ್ನೂ ದೂರ ಹೋದರೆ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಬರೆದುಕೊಟ್ಟು ಓದಿಸಬೇಡಿ. ಮೇಲಿನ ಮೂರು ಪ್ರಶ್ನೆ ನೀವು ಕೇಳಿ, ಅವರು ಉತ್ತರಿಸಲಿ, ನಿಮ್ಮ ದನಿ ಕತ್ತರಿಸಿ. ಮೊದಲ ಟೇಕ್ ಬಿಗಿಯಾಗಿರುತ್ತದೆ. ‘ಆಯ್ತು, ಮುಗೀತು’ ಎಂದು ಹೇಳಿದ ಮೇಲೆ ಅವರು ಹಗುರವಾಗಿ ಆಡುವ ಮಾತೇ ಬಹಳ ಸಲ ಬೇಕಾದದ್ದು. ರೆಕಾರ್ಡಿಂಗ್ ಇನ್ನೂ ಓಡುತ್ತಿದೆ ಎಂದು ಹೇಳಿ, ಬಳಸಲು ಒಪ್ಪಿಗೆ ಪಡೆಯಿರಿ.

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನೇ ಪಾಲಿಸಬಹುದೇ?

ಕೇಳುವ ರೀತಿ ಇದೇ. ಕಾನೂನು ಮಾತ್ರ ಬಿಗಿ: ನಕಲಿ ರಿವ್ಯೂ, ಕೊಂಡ ರಿವ್ಯೂಗಳ ವಿರುದ್ಧ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ 2024ರ ಅಕ್ಟೋಬರ್ 21ರಿಂದ ಜಾರಿಯಲ್ಲಿದೆ. ಮನೆಯವರೋ ಉದ್ಯೋಗಿಗಳೋ ಸಂಬಂಧ ಮುಚ್ಚಿಟ್ಟು ಬರೆಯುವುದೂ ಅದರ ವ್ಯಾಪ್ತಿಗೆ ಬರುತ್ತದೆ.

ಹಳೆಯವನ್ನು ಯಾವಾಗ ತೆಗೆಯಬೇಕು?

ವರ್ಷಕ್ಕೊಮ್ಮೆ ಶೀಟ್ ತೆರೆದು ನೋಡಿ. ಈಗ ಮಾಡದ ಕೆಲಸದ ಬಗ್ಗೆ ಇರುವುದು, ಈಗಿನ ದರಕ್ಕೆ ಹೊಂದದೆ ‘ಎರಡು ಲಕ್ಷದಲ್ಲಿ ಪೂರ್ತಿ ಮನೆ ಮುಗಿಸಿಕೊಟ್ಟರು’ ಎನ್ನುವಂಥದ್ದು ಮೊದಲು ಹೋಗಲಿ. ಇಲ್ಲದಿದ್ದರೆ ಅದೇ ದರ ಹಿಡಿದು ಚೌಕಾಸಿಗೆ ಕೂರುತ್ತಾರೆ.